ಅಂಗೈ ಹಿಡಿಸುವಷ್ಟು ಸಂದು

ಕೇಳುವವರಿಗೆ ನಿದ್ದೆ ಬಾರದಿದ್ದ ಕಾಲದಲ್ಲಿ, ಹೇಳುವವರಿಗೆ ಇನ್ನೂ ಹಲ್ಲಿದ್ದ ಕಾಲದಲ್ಲಿ, ಏಳು ಕೆರೆಗಳಾಚೆ ಒಬ್ಬಳು ರಾಣಿ ಇದ್ದಳಂತೆ. ನನ್ನಜ್ಜಿ ಕಥೆ ಶುರು ಮಾಡುತ್ತಿದ್ದದ್ದೇ ಹೀಗೆ. ಅವಳ ಬಾಯಲ್ಲಿ ಒಂದೂ ಹಲ್ಲಿರಲಿಲ್ಲವಾದ್ದರಿಂದ ಇದು ಬಹಳ ಹಿಂದಿನ ಕಥೆಯೇ ಸರಿ ಎಂದು ನಾನು ನಂಬಿಬಿಡುತ್ತಿದ್ದೆ. ರಾಣಿಯದು ತಾಯಿಕರುಳು. ಪ್ರಜೆಗಳ ಬರಿಗಾಲು ನೋಡಲಾರದೆ, ಇನ್ನು ನನ್ನ ರಾಜ್ಯದಲ್ಲಿ ಯಾರಿಗೂ ಮುಳ್ಳು ಚುಚ್ಚಬಾರದು, ಎಲ್ಲರಿಗೂ ಜೋಡು ಹೊಲಿಸಿ ಕೊಡುತ್ತೇನೆ ಎಂದು ಮಾತು ಕೊಟ್ಟಳಂತೆ. ಆದರೆ ಅಳತೆ ತೆಗೆಯಬೇಕಾದರೆ ಒಬ್ಬೊಬ್ಬರ ಕಾಲ ಬಳಿ ಕೂರಬೇಕಲ್ಲ. ಬಗ್ಗಿದರೆ ಕಿರೀಟ ಬೀಳುತ್ತದಲ್ಲ. ಅದಕ್ಕೆ ಅವಳು ಅರಮನೆಯ ಮಹಡಿಯಲ್ಲಿ ನಿಂತು, ಕೆಳಗೆ ಓಡಾಡುವವರ ಕಾಲುಗಳನ್ನು ಕಣ್ಣಲ್ಲೇ ಅಳೆದು ಬರೆಸಿದಳಂತೆ. ಮಹಡಿಯಿಂದ ನೋಡಿದರೆ ಎಲ್ಲರ ಕಾಲೂ ಚಿಕ್ಕವೇ. ಜೋಡು ಬಂದವು, ಊರಿಗೆ ಊರೇ ಕುಂಟತೊಡಗಿತು. ರಾಣಿ ಮೇಲಿನಿಂದ ನೋಡಿ, ಆಹಾ, ನನ್ನ ಪ್ರಜೆಗಳು ಹೇಗೆ ಕುಣಿಯುತ್ತಿದ್ದಾರೆ ಎಂದಳಂತೆ.

ಆಮೇಲೆ ಎಂದು ನಾನು ಕೇಳಿದರೆ ಅಜ್ಜಿ ಹೊದಿಕೆ ಎಳೆದುಕೊಳ್ಳುತ್ತಿದ್ದಳು. "ಆಮೇಲೇನು, ಅವಳು ಇಳಿದು ಬರಬೇಕು. ಮೆಟ್ಟಿಲು ಜಾಸ್ತಿ ಇದಾವೆ. ನಾಳೆ ಹೇಳ್ತೀನಿ, ಮಲ್ಕೋ." ಮರುದಿನ ರಾಣಿ ಎರಡು ಮೆಟ್ಟಿಲು ಇಳಿದಿರುತ್ತಿದ್ದಳು, ಅದರ ಮರುದಿನ ಒಂದು. ಅಜ್ಜಿ ತೀರಿಕೊಂಡಾಗ ರಾಣಿ ಇನ್ನೂ ಮೆಟ್ಟಿಲ ಮೇಲೇ ಇದ್ದಳು.

ನಮ್ಮ ಸಂಸ್ಥೆಯಲ್ಲೂ ಕಚೇರಿ ಮಹಡಿಯ ಮೇಲೆ. ಕೆಳಗೆ ಕಾರ್ಯಾಗಾರ, ನಡೆಯಲಾಗದವರಿಗೆ ಅಲ್ಲಿ ಗಾಲಿಕುರ್ಚಿ ತಯಾರಾಗುತ್ತವೆ, ಕಾಸು ತೆಗೆದುಕೊಳ್ಳುವುದಿಲ್ಲ. ನಡುವೆ ಹದಿನೇಳು ಮೆಟ್ಟಿಲು. ಗಾಲಿಕುರ್ಚಿ ಮಾಡುವವರ ಕಚೇರಿಗೆ ಮೆಟ್ಟಿಲೇಕೆ ಎಂದು ಬಂದವರೆಲ್ಲ ಕೇಳುತ್ತಾರೆ. ಕುರ್ಚಿ ಬೇಕಾದವರು ಯಾರೂ ಮೇಲೆ ಬರೋದಿಲ್ಲವಲ್ಲ ಎಂದು ಕಾರ್ಯಾಗಾರದ ಮೇಸ್ತ್ರಿ ಉತ್ತರ ಕೊಡುತ್ತಾರೆ.

ಸಂಸ್ಥೆ ಕಟ್ಟಿದವರನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಮೂವತ್ತು ವರ್ಷ ಅವರು ಕಾರ್ಯಾಗಾರದ ಮೂಲೆಯ ಮೊಳದೆತ್ತರದ ಸ್ಟೂಲಿನ ಮೇಲೆ ಕೂತೇ ಆಡಳಿತ ನಡೆಸಿದವರು. ಕಣ್ಣು ಮಂಜಾದ ಮೇಲೆ ಬೀಗದಕೈ ಗೊಂಚಲನ್ನು ನನ್ನ ಕೈಗಿಟ್ಟರು. ನಾನು ಅದುವರೆಗೆ ಅಲ್ಲಿ ಪತ್ರ, ವರದಿ ಬರೆಯುತ್ತಿದ್ದವಳು. ಮೊದಲ ವಾರ ಉತ್ಸಾಹದಿಂದ ಕೆಳಗಿಳಿದು ಹೋಗಿದ್ದೆ. ಮೇಸ್ತ್ರಿ, ಅರವತ್ತು ದಾಟಿದ ಮನುಷ್ಯ, ಒಂದು ಬರಿಯ ಚೌಕಟ್ಟನ್ನು ಎತ್ತಿ ಹಿಡಿದು, "ಮೇಡಂ, ಇದರಲ್ಲಿ ಮುಂದೆ ಯಾವುದು, ಹಿಂದೆ ಯಾವುದು?" ಎಂದರು. ನಾನು ತೋರಿಸಿದ್ದು ತಪ್ಪು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಕೆಳಗೆ ಹೋಗಲಿಲ್ಲ. ಹೋಗಬೇಕಾದ ದಿನಗಳಲ್ಲೆಲ್ಲ ಮೇಲೆ ಒಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು.

ಹಾಗೆ ಹುಟ್ಟಿದ್ದೇ ಫೋನಿನ ನಮೂನೆ. ಮೊದಲೆಲ್ಲ ಮೇಸ್ತ್ರಿಯೇ ಟೇಪು ಹಿಡಿದು ಮನೆಮನೆಗೆ ಹೋಗಿ, ನೆಲದ ಮೇಲೆ ಮಂಡಿಯೂರಿ ಅಳತೆ ತರುತ್ತಿದ್ದರು. ಒಂದೊಂದು ಕುರ್ಚಿಗೂ ತಿಂಗಳಾಗುತ್ತಿತ್ತು. ನಾನು ಒಂದು ಹಾಳೆಯಲ್ಲಿ ಹನ್ನೆರಡು ಪ್ರಶ್ನೆ ಅಚ್ಚು ಹಾಕಿಸಿದೆ. ಮನೆಯವರೇ ಅಳೆದು ಫೋನಿನಲ್ಲಿ ಹೇಳಿದರಾಯಿತು. ಸಿದ್ಧವಿರುವ ಕುರ್ಚಿಗಳಲ್ಲಿ ಹೊಂದುವುದನ್ನು ವಾರದೊಳಗೆ ಕಳಿಸಬಹುದು. ಹಾಳೆಯ ಕೊನೆಗೆ ಒಂದು ಸೂಚನೆ: "ಸಂದೇಹವಿದ್ದಲ್ಲಿ ಒಂದು ಇಂಚು ದೊಡ್ಡದನ್ನೇ ಕೊಡತಕ್ಕದ್ದು." ಜೊತೆಗೊಂದು ಸುತ್ತೋಲೆ ಬರೆದು ಕಾರ್ಯಾಗಾರದ ಬೋರ್ಡಿಗೆ ಚುಚ್ಚಿಸಿದೆ: "ಮೇಸ್ತ್ರಿಯವರ ವಯಸ್ಸು ಹಾಗೂ ಮಂಡಿನೋವನ್ನು ಗಮನದಲ್ಲಿಟ್ಟುಕೊಂಡು ಇನ್ನು ಮುಂದೆ..." ಓದಿ ನನಗೇ ಕಣ್ಣು ತುಂಬಿತ್ತು, ನಾನೆಷ್ಟು ಒಳ್ಳೆಯವಳು ಎಂದು. ನಾಲ್ಕು ತಿಂಗಳಲ್ಲಿ ನಲವತ್ತಮೂರು ಕುರ್ಚಿ ಹೋದವು. ಸಮಿತಿಯ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ಟರು, ಸಭೆಯಲ್ಲಿ ಬೆನ್ನು ತಟ್ಟಿದರು.

ಒಂದು ಸೋಮವಾರ ಬೆಳಿಗ್ಗೆ, ಆ ಕುರ್ಚಿಗಳಲ್ಲೊಂದನ್ನು ಪಡೆದಿದ್ದ ಹೊಲಿಗೆ ಟೀಚರ ಸೊಸೆ ಫೋನು ಮಾಡಿದಳು. ಅತ್ತೆಗೆ ಹುಣ್ಣಾಗಿದೆ, ಕುರ್ಚಿ ವಾಪಸ್ ತಗೊಂಡು ಹೋಗ್ತೀರಾ ಎಂದಷ್ಟೇ ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ಫೋನಿಟ್ಟವಳೇ ಹೊರಟೆ.

ಅವರ ಮನೆ ಒಂದೇ ಕೋಣೆ, ಒಂದು ಅಡುಗೆಮನೆ. ಕಿಟಕಿಯ ಬೆಳಕಿಗೆ ಹೊಲಿಗೆ ಮಿಷನ್, ಕೈಯಲ್ಲಿ ತಿರುಗಿಸುವಂಥದ್ದು. ಪಕ್ಕದಲ್ಲಿ ನಮ್ಮ ಕುರ್ಚಿ. ಅದರ ಬಲಗಡೆಯ ಸಂದಿಗೆ ಹಳೆಯ ಬಟ್ಟೆ ಮಡಿಸಿ ಮಡಿಸಿ ತುರುಕಿದ್ದರು. ಟೀಚರು ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿದ್ದರು. ಸೊಂಟದಿಂದ ಕೆಳಗೆ ಅವರಿಗೆ ಮುಟ್ಟಿದ್ದು ಗೊತ್ತಾಗುವುದಿಲ್ಲ. ಕುರ್ಚಿ ಅಗಲವಾಗಿ, ಮಿಷನ್ನಿನ ಚಕ್ರಕ್ಕೆ ಕೈ ಎಟುಕಿಸಲು ದಿನವಿಡೀ ಬಲಕ್ಕೆ ವಾಲಿ ಕೂತು, ಮೈಭಾರವೆಲ್ಲ ಒಂದೇ ಕಡೆ ಒತ್ತಿ, ಬಟ್ಟೆಗೆ ಕಲೆ ಆದ ಮೇಲಷ್ಟೇ ಸೊಸೆ ನೋಡಿದ್ದು. ಗಾಯ ಆರಲು ಐದಾರು ವಾರ ಬೇಕು, ಮತ್ತೆ ಇದೇ ಕುರ್ಚಿಯಲ್ಲಿ ಕೂರಿಸಿದರೆ ಮೂಳೆಗೆ ಇಳಿಯುತ್ತದೆ, ಆಮೇಲೆ ನನ್ನ ಹತ್ತಿರ ಬರಬೇಡಿ ಎಂದಿದ್ದರಂತೆ ಡಾಕ್ಟರು. ಹೊಲಿಗೆ ಕಲಿಯಲು ಬರುತ್ತಿದ್ದ ಆರು ಹೆಣ್ಣುಮಕ್ಕಳು ಬರುವುದು ನಿಲ್ಲಿಸಿದ್ದರು.

ಯಾವಾಗಿಂದ ಅಗಲ ಅನ್ನಿಸ್ತು ಎಂದು ಕೇಳಿದೆ.

"ಕೂತ ದಿನವೇ," ಎಂದರು ಟೀಚರು. "ನಲವತ್ತು ವರ್ಷ ಟೇಪು ಕೊರಳಿಗೆ ಹಾಕ್ಕೊಂಡವಳಮ್ಮ ನಾನು. ಆದ್ರೆ ಪುಕ್ಕಟೆ ಕೊಟ್ಟದ್ದಕ್ಕೆ ಸಡಿಲ ಬಿಗಿ ಅಂದ್ರೆ ಸೊಕ್ಕು ಅಂತಾರೆ. ಕೊಟ್ಟವರಿಗೆ ಹೇಗೆ ಹೇಳೋದು ಅಂತ ಸುಮ್ಮನಿದ್ದೆ."

ಏನಾದರೂ ಹೇಳಲೇಬೇಕಾಗಿತ್ತು. ಡಾಕ್ಟರು ಕೂರಬಹುದು ಅಂದ ದಿನ ನಿಮಗೆ ಸರಿಹೊಂದೋ ಕುರ್ಚಿ ಇಲ್ಲಿರುತ್ತೆ, ನಾನೇ ತರ್ತೀನಿ ಎಂದುಬಿಟ್ಟೆ. ಟೀಚರು ಗೋಡೆಯ ಕಡೆ ನೋಡುತ್ತ, "ಯಾರು ಅಳೀತಾರೆ ಈ ಸಲ?" ಎಂದರು.

ಕಚೇರಿಗೆ ಬಂದು ಟೀಚರ ನಮೂನೆ ತೆಗೆದೆ. ಫೋನು ಎತ್ತುವವರು ನಮ್ಮಲ್ಲಿ ಒಬ್ಬರೇ, ಎಲ್ಲರಿಗೂ ಫೋನಕ್ಕ. ಅವರನ್ನು ಕೂರಿಸಿಕೊಂಡು, ಸೊಸೆಯನ್ನೂ ಫೋನಿನಲ್ಲಿ ಕೇಳುತ್ತ, ಅಳತೆಯ ಹಾದಿ ಹಿಡಿದು ಹಿಂದಕ್ಕೆ ಹೋದೆ. ಟೀಚರು ಕೂತಾಗಿನ ಅಗಲ ನಿಜವಾಗಿ ಹದಿನೈದು ಇಂಚು. ಸೊಸೆ ಹೊಲಿಗೆ ಮನೆಯವಳು; ಮೈ ಅಳತೆಗೆ ಎರಡು ಇಂಚು ಸಡಿಲ ಸೇರಿಸದೆ ಬಾಯಿಬಿಟ್ಟ ರೂಢಿಯೇ ಇಲ್ಲ. ಹದಿನೇಳು ಎಂದಳು. ಫೋನಕ್ಕ, ಪಾಪ, ದಿನವಿಡೀ ಕೂರುವ ಜೀವ, ಇಕ್ಕಟ್ಟಾಗದಿರಲಿ ಎಂದು ಹದಿನೆಂಟು ಬರೆದರು. ಬರೆದ ಮೇಲೆ ಅವರಿಗೇ ಸಂದೇಹ ಬಂತು. ಸಂದೇಹವಿದ್ದಲ್ಲಿ ಒಂದು ಇಂಚು ದೊಡ್ಡದು ಎಂಬ ನನ್ನ ಸೂಚನೆ ಕೆಳಗಿತ್ತು. ಹತ್ತೊಂಬತ್ತರದು ಹೋಯಿತು. ನಾಲ್ಕು ಇಂಚು, ಅಷ್ಟೂ ಕರುಣೆಯೇ. ನಮ್ಮಲ್ಲಿ ಯಾರೊಬ್ಬರೂ ಆ ಹೆಂಗಸನ್ನು ಕಣ್ಣೆತ್ತಿ ನೋಡಿರಲಿಲ್ಲ, ಅಷ್ಟೇ.

ಅಧ್ಯಕ್ಷರಿಗೆ ತಿಳಿಸಿದೆ. ಅವರು ಕೆಟ್ಟವರಲ್ಲ, ಗಾಬರಿಯಾದವರು. ಗುರುವಾರ ಸಮಿತಿ ಸಭೆ ಇದೆ, ಅಲ್ಲಿಗೆ ಎರಡು ಸಾಲಿನ ವರದಿ ಸಾಕು ಎಂದು ತಾವೇ ಬರೆದು ಕಳಿಸಿದರು: "ಫೋನಿನಲ್ಲಿ ಮಾಹಿತಿ ಪಡೆಯುವಾಗ ಸಿಬ್ಬಂದಿಯಿಂದ ಲೋಪವಾಗಿದ್ದು, ಸೂಕ್ತ ಕ್ರಮ ಕೈಗೊಳ್ಳಲಾಗುವುದು." ಅಡ್ಡಗೋಡೆಯ ಮೇಲಿಟ್ಟ ದೀಪದ ಹಾಗಿತ್ತು ಆ ಸಾಲು, ಆದರೆ ಬೆಳಕು ಬೀಳುತ್ತಿದ್ದದ್ದು ಫೋನಕ್ಕನ ಮುಖದ ಮೇಲೆ ಮಾತ್ರ. ನಮ್ಮಲ್ಲಿ ಫೋನು ಎತ್ತುವ ಸಿಬ್ಬಂದಿ ಎಂದರೆ ಇನ್ಯಾರು? ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡು ಹೆಬ್ಬೆರಳ ಚರ್ಮ ಕಚ್ಚಿ ಕಚ್ಚಿ ರಕ್ತ ಬರಿಸಿಕೊಂಡೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇರುತ್ತಾರೆ. ಆ ಎರಡು ದಿನ ನನ್ನ ಕೈ ಹೆಗಲಿನಿಂದ ಇಳಿಯಲೇ ಇಲ್ಲ. ಗಾಜಿನ ಕೋಣೆಯಿಂದ ಫೋನಕ್ಕನ ಮೇಜು ಕಾಣುತ್ತದೆ. ಮಂಗಳವಾರ ಅವರು ಡ್ರಾಯರಿನಿಂದ ಪುಟ್ಟ ಕನ್ನಡಿ, ಬಾಚಣಿಗೆ ತೆಗೆದು ಚೀಲಕ್ಕೆ ಹಾಕಿಕೊಂಡರು. ಬುಧವಾರ ಬೆಳಿಗ್ಗೆ ಮೇಜಿನಡಿಯ ಚಪ್ಪಲಿಯನ್ನೂ. ಯಾರೂ ಅವರಿಗೆ ಏನೂ ಹೇಳಿರಲಿಲ್ಲ. ಎದ್ದು ಹೋಗಿ ಮಾತಾಡಿಸಬೇಕು ಎನಿಸಿತು. ಬದಲಿಗೆ ಕಂಪ್ಯೂಟರಿನಲ್ಲಿ ಏನನ್ನೋ ಟೈಪು ಮಾಡಿ ಅಳಿಸಿದೆ. ಅಜ್ಜಿಯ ರಾಣಿ ನೆನಪಾದಳು. ಚಿಕ್ಕಂದಿನಲ್ಲಿ ನಾನು ಯಾವಾಗಲೂ ಆ ರಾಣಿಯ ಸೀರೆಯ ಬಣ್ಣ ಕೇಳುತ್ತಿದ್ದೆ. ಕುಂಟುತ್ತಿದ್ದವರ ಬಗ್ಗೆ ಒಮ್ಮೆಯಾದರೂ ಕೇಳಿದ ನೆನಪಿಲ್ಲ.

ಎದ್ದೆ. ಹದಿನೇಳು ಮೆಟ್ಟಿಲು ಇಳಿದೆ.

ಕಾರ್ಯಾಗಾರದಲ್ಲಿ ಕಬ್ಬಿಣ ಉಜ್ಜುವ ಸದ್ದು. ಬಾಗಿಲ ಪಕ್ಕದಲ್ಲೇ ನನ್ನ ಸುತ್ತೋಲೆ, ಎಣ್ಣೆಕೈಗಳ ಗುರುತಿನ ನಡುವೆ ಅದೊಂದೇ ಬೆಳ್ಳಗೆ. ಮೇಸ್ತ್ರಿಗೆ ವಿಷಯ ಗೊತ್ತಿತ್ತು. ಟೀಚರಿಗೆ ಹೊಸ ಕುರ್ಚಿ ಮಾಡಿಕೊಡಬೇಕು ಎಂದೆ. ಅವರು ತಲೆ ಎತ್ತಲಿಲ್ಲ.

"ನಾನು ನೋಡದ ಸೊಂಟಕ್ಕೆ ನಾನು ಕಬ್ಬಿಣ ಬಗ್ಗಿಸಲ್ಲ ಮೇಡಂ."

ಹಾಗಾದರೆ ನೀವೇ ಹೋಗಿ ಅಳೆದುಕೊಂಡು ಬನ್ನಿ ಎಂದೆ.

"ನನ್ನ ಮಂಡಿ ಹೋಗಿದೆಯಲ್ಲ. ನಿಮ್ಮ ಬೋರ್ಡೇ ಹೇಳ್ತಿದೆ." ಕಬ್ಬಿಣಕ್ಕೆ ಅರ ಉಜ್ಜುವುದು ನಿಲ್ಲಿಸಿದರು. "ನಾನ್ಯಾವತ್ತಾದ್ರೂ ನಿಮ್ಮ ಹತ್ರ ಬಂದು ಮಂಡಿ ನೋವು ಅಂದಿದ್ನಾ? ಬರೋರು ಹೋಗೋರೆಲ್ಲ ಓದಿ, ಮೇಸ್ತ್ರಿ ಮಂಡಿ ಹೇಗಿದೆ ಅಂತಾರೆ. ಮೊನ್ನೆ ಟೀ ಕೊಡೋವನೂ ಕೇಳಿದ. ಅದಕ್ಕೊಂದು ಚೌಕಟ್ಟು ಹಾಕ್ಸಿ ಗೋಡೆಗೆ ಹೊಡೆಸಿದ್ರೆ ಇನ್ನೂ ಚೆನ್ನಾಗಿರೋದು."

ಯಾರೋ ಹಿಂದೆ ಕೆಮ್ಮಿದರು, ಅಥವಾ ನಕ್ಕರು. ಹಿಂದೊಮ್ಮೆ ಆದದ್ದೇ ಮತ್ತೆ ಆಗುತ್ತಿತ್ತು, ಬಾಗಿಲು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಓಡಿಹೋಗಲು ನನಗೊಂದು ನೆಪವೂ ಸಿಗಲಿಲ್ಲ. ಹಾಗಾಗಿ ಇದ್ದದ್ದೇ ಬಾಯಿಗೆ ಬಂತು.

"ಅದು ನಿಮ್ಮ ಮಂಡಿಗೋಸ್ಕರ ಬರೆದದ್ದಲ್ಲ ಮೇಸ್ತ್ರಿ. ನನಗೆ ಇಲ್ಲಿಗೆ ಇಳಿದು ಬರೋಕೆ ಹೆದರಿಕೆ. ನೀವು ಏನಾದ್ರೂ ಕೇಳಿದ್ರೆ ಉತ್ತರ ಗೊತ್ತಿರಲ್ಲ. ಮೇಲೇ ಕೂತು ಮಾಡೋ ಕೆಲಸ ಒಂದು ಬೇಕಿತ್ತು ನನಗೆ. ಅದಕ್ಕೇ ಆ ಹಾಳೆ ಮಾಡಿದೆ. ನಿಮ್ಮ ಮಂಡಿ ಅಡ್ಡ ಇಟ್ಕೊಂಡೆ."

ಮೇಸ್ತ್ರಿ ಅರವನ್ನು ಬಟ್ಟೆಯಲ್ಲಿ ಒರೆಸಿದರು, ಅಗತ್ಯಕ್ಕಿಂತ ಹೆಚ್ಚು ಹೊತ್ತು. "ಹೆದರಿಕೆ ಅಂತ ಅವತ್ತೇ ಹೇಳಿದ್ರೆ ಒಂದು ಲೋಟ ಟೀ ಕೊಡ್ತಿದ್ವಲ್ಲ," ಎಂದರು. ಆಮೇಲೆ ದನಿ ಇಳಿಸಿ, "ಮಂಡಿ ನೋಯತ್ತೆ. ಅದು ಸುಳ್ಳಲ್ಲ. ಆದ್ರೆ ನನ್ನ ನೋವು ನಾನು ಹೇಳ್ಬೇಕು. ನೀವು ಬೋರ್ಡಿಗೆ ಹಾಕೋದಲ್ಲ."

ನಾನು ಹೋಗಿ ಸುತ್ತೋಲೆ ಕಿತ್ತೆ. ಗುಂಡುಪಿನ್ನು ಬರಲಿಲ್ಲ, ಒಂದು ಮೂಲೆ ಕಾಗದ ಹರಿದು ಅಲ್ಲೇ ಉಳಿಯಿತು. ಈಗಲೂ ಇದೆ.

ಅಳೆಯೋಕೆ ಬಗ್ಗೋದು ನನ್ನ ಕೈಲಾಗಲ್ಲ, ಕಲಿಸೋದು ಆಗತ್ತೆ, ನೀವು ಕಲೀತೀರಾ ಎಂದು ಅವರು ಕೇಳಿದ್ದು ಅದಾದ ಮೇಲೆ. ನಾಳೆ ಸಭೆ ಮುಗಿಸಿ ಬರುತ್ತೇನೆ, ಅಷ್ಟೊತ್ತಿಗೆ ನನ್ನ ಕೆಲಸ ಉಳಿದಿದ್ದರೆ, ಎಂದೆ.

ಗುರುವಾರ ಉದ್ದನೆಯ ಮೇಜಿನ ಸುತ್ತ ಏಳು ಜನ. ಫೋನಕ್ಕ ಹೊರಗೆ ತಮ್ಮ ಖಾಲಿ ಡ್ರಾಯರಿನ ಮುಂದೆ. ಅಧ್ಯಕ್ಷರ ಎರಡು ಸಾಲನ್ನು ಪಕ್ಕಕ್ಕಿಟ್ಟು, ನಾನೇ ಬರೆದು ತಂದದ್ದನ್ನು ಓದಿದೆ. ಮನೆಗೆ ಹೋಗಿ ಅಳೆಯುವ ಪದ್ಧತಿ ನಿಲ್ಲಿಸಿದವಳು ನಾನು. ದೊಡ್ಡದನ್ನೇ ಕೊಡಿ ಎಂದು ಬರೆದವಳು ನಾನು. ಅದು ಬೇಗ ಆಗಲಿ ಎಂದಷ್ಟೇ ಮಾಡಿದ್ದಲ್ಲ, ನನಗೆ ಬಾರದ ಕೆಲಸದಿಂದ ದೂರ ಇರಲು ಮಾಡಿದ್ದು. ಫೋನಕ್ಕ ನನ್ನ ಸೂಚನೆಯನ್ನು ಪಾಲಿಸಿದ್ದಾರೆ. ಫೋನಿನಲ್ಲಿ ಅಳತೆ ಕೇಳಿ ಕೊಟ್ಟ ಇನ್ನೂ ನಲವತ್ತೆರಡು ಕುರ್ಚಿಗಳಿವೆ; ಒಂದೊಂದನ್ನೂ ಹೋಗಿ ನೋಡಬೇಕು.

ಅಧ್ಯಕ್ಷರು ಕನ್ನಡಕ ತೆಗೆದರು.

"ನೀವೇ ಹೀಗೆ ಬರೆದುಕೊಟ್ರೆ ನಿಮ್ಮನ್ನ ಉಳಿಸ್ಕೊಳ್ಳೋದು ಹೇಗಮ್ಮ?"

"ಅದು ನಿಮ್ಮ ತೀರ್ಮಾನ ಸರ್. ಟೀಚರಿಗೆ ಕುರ್ಚಿ ಮುಟ್ಟಿಸೋವರೆಗೆ ಇರೋಕೆ ಬಿಡಿ. ಮಾತು ಕೊಟ್ಟಿದೀನಿ."

ಮುಂದಿನ ಸಭೆಯಲ್ಲಿ ನೋಡೋಣ ಎಂದಾಯಿತು. ಅದು ಕ್ಷಮೆಯೋ ಗಡುವೋ ಯಾರೂ ಬಿಡಿಸಿ ಹೇಳಲಿಲ್ಲ. ಹೊರಗೆ ಬಂದು ಫೋನಕ್ಕನಿಗೆ, ಕನ್ನಡಿ ವಾಪಸ್ ತನ್ನಿ ಎಂದೆ. ಅವರು ಅಳಲಿಲ್ಲ. ಮೂರು ದಿನದಿಂದ ಗಾಜಿನೊಳಗಿಂದ ನೋಡ್ತಾನೇ ಇದ್ರಿ, ಒಂದು ಮಾತು ಆಡೋಕೆ ಇಷ್ಟು ಹೊತ್ತು ಬೇಕಿತ್ತಾ ಎಂದು ಕೇಳಿದರು. ಬೇಕಿರಲಿಲ್ಲ ಎಂದೆ. ಕನ್ನಡಿ ಅವರು ತಂದದ್ದು ಮುಂದಿನ ಬುಧವಾರ. ನಂಬಿಕೆ ಬರಲು ಅಷ್ಟು ದಿನ ಹಿಡಿಯಿತು.

ಆ ವಾರಗಳಲ್ಲಿ ದಿನಾ ಸಂಜೆ ಒಂದು ಗಂಟೆ ಕೆಳಗೆ. ಮೇಸ್ತ್ರಿ ಮರದ ಪೆಟ್ಟಿಗೆಯ ಮೇಲೆ ನಮ್ಮವರಲ್ಲೇ ಒಬ್ಬೊಬ್ಬರನ್ನು ಕೂರಿಸಿ ಕಲಿಸಿದರು. ಸೊಂಟದ ಎರಡೂ ಪಕ್ಕಕ್ಕೆ ದಪ್ಪ ರಟ್ಟಿನ ಎರಡು ಪುಸ್ತಕ ನೆಟ್ಟಗೆ ಒತ್ತಿ ನಿಲ್ಲಿಸಬೇಕು, ಪುಸ್ತಕದಿಂದ ಪುಸ್ತಕಕ್ಕೆ ಟೇಪು ಹಿಡಿಯಬೇಕು. ಮೊದಲ ದಿನ ನನ್ನ ಮೂರು ಅಳತೆ ಮೂರು ಥರ ಬಂದವು. ಪೆಟ್ಟಿಗೆಯ ಮೇಲೆ ಕೂತಿದ್ದ ಫೋನಕ್ಕ, ಮೂರರಲ್ಲಿ ಯಾವುದು ಕಮ್ಮಿಯೋ ಅದನ್ನ ಬರ್ಕೊಳ್ಳಿ ಎಂದರು. ಗಾಯ ಆರುವುದರೊಳಗೆ ಕಲಿಯುತ್ತೇನೋ ಇಲ್ಲವೋ ಎಂದು ನನಗೆ ಊಟ ಸೇರುತ್ತಿರಲಿಲ್ಲ. ಒಮ್ಮೆ ಸೊಸೆ ಫೋನು ಮಾಡಿ ಅತ್ತೆಗೆ ಜ್ವರ ಬಂದಿದೆ ಎಂದಳು; ಎರಡು ದಿನ ನಾನು ಸತ್ತು ಬದುಕಿದೆ.

ನಾಲ್ಕನೇ ವಾರ, ಮಂಚದಂಚಿಗೆ ಹತ್ತು ನಿಮಿಷ ಕೂರಿಸಬಹುದು ಎಂದು ಡಾಕ್ಟರು ಹೇಳಿದ ದಿನ, ಟೇಪು ಮತ್ತು ಎರಡು ಪುಸ್ತಕ ಹಿಡಿದು ಹೋದೆ. ಮೇಸ್ತ್ರಿ ವ್ಯಾನಿನಲ್ಲಿ ಬಂದವರು ಬಾಗಿಲಲ್ಲೇ ಗೋಡೆಗೊರಗಿ ನಿಂತರು. ಸೊಸೆ ಅತ್ತೆಯ ಹೆಗಲು ಹಿಡಿದು ಕೂರಿಸಿದಳು. ನಾನು ನೆಲಕ್ಕೆ ಮಂಡಿಯೂರಿದೆ. ಅಲ್ಲಿಂದ ನೋಡಿದರೆ ಟೀಚರ ಪಾದಗಳು ದೊಡ್ಡವು, ಊದಿಕೊಂಡಿದ್ದವು. ಹಿಂದಿನ ಸಲ ಬಂದಾಗ ನಾನು ನೋಡಿಯೇ ಇರಲಿಲ್ಲ.

"ಟೇಪು ಎಳೀಬೇಡಮ್ಮ," ಎಂದರು ಟೀಚರು. "ಹೆಬ್ಬೆರಳು ಒತ್ತು. ಹಾಂ. ಉಸಿರು ಬಿಡು ಮೊದಲು, ಅಳೀತಿರೋದು ನನ್ನನ್ನ."

ಹದಿನೈದು. ಮತ್ತೆ ಅಳೆದೆ. ಹದಿನೈದು. ಬರೆದುಕೊಳ್ಳುವಾಗ ಪೆನ್ನು ತಾನಾಗಿ ನಿಂತಿತು. ಒಂದು ಅರ್ಧ ಇಂಚಾದರೂ... ಎನ್ನುವಷ್ಟರಲ್ಲಿ ಟೀಚರು ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಲ್ಲಿ ಫಟ್ ಎಂದು ಹೊಡೆದರು, ಶಿಷ್ಯೆಯರಿಗೆ ಹೊಡೆಯುತ್ತಿದ್ದ ಹಾಗೆ. ಬಾಗಿಲಲ್ಲಿ ಮೇಸ್ತ್ರಿ ಮುಖ ಆಚೆ ತಿರುಗಿಸಿಕೊಂಡು ನಕ್ಕರು. ಹದಿನೈದು ಎಂದೇ ಬರೆದೆ. ಕುರ್ಚಿಗೆ ಬೇಕಾದ ಸಂದನ್ನು ಚೌಕಟ್ಟಿನಲ್ಲಿ ಬಿಡುವುದು ಮೇಸ್ತ್ರಿಯ ಕೆಲಸ, ಒಂದೇ ಸಲ, ಒಬ್ಬರೇ. ಮಿಷನ್ನಿನ ಚಕ್ರದ ಎತ್ತರವನ್ನೂ ಅಳೆದುಕೋ ಎಂದು ಟೀಚರೇ ನೆನಪಿಸಿದರು. ನನ್ನ ಹನ್ನೆರಡು ಪ್ರಶ್ನೆಗಳಲ್ಲಿ ಅದು ಇರಲಿಲ್ಲ.

ಆರನೇ ವಾರದ ಶನಿವಾರ ಬೆಳಿಗ್ಗೆ, ಇವತ್ತಿನಿಂದ ಅರ್ಧ ಗಂಟೆ ಕೂರಬಹುದಂತೆ ಎಂದು ಸೊಸೆ ಫೋನು ಮಾಡಿದಳು. ಕುರ್ಚಿ ಹಿಂದಿನ ದಿನವೇ ವ್ಯಾನಿನಲ್ಲಿತ್ತು. ದಾರಿಯುದ್ದಕ್ಕೂ ಬೋಲ್ಟು ಸಡಿಲಾಗಿರಬಹುದು, ಅಳತೆಯೇ ತಪ್ಪಿರಬಹುದು, ಗಾಯ ಮತ್ತೆ ಬಿಟ್ಟುಕೊಳ್ಳಬಹುದು ಎಂದು ಏನೇನೋ ಮನಸ್ಸಿಗೆ ಬಂದು ಹೋಯಿತು. ಮುಂದಿನ ಮಂಗಳವಾರ ಸಮಿತಿ ಸಭೆ ಎಂಬುದೂ ಒಮ್ಮೆ ಬಂತು, ಆದರೆ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಟೀಚರನ್ನು ಎತ್ತಿ ಕೂರಿಸಿದೆವು. ಅವರು ಬಲಕ್ಕೆ ವಾಲಲಿಲ್ಲ. ಅಭ್ಯಾಸಬಲದಿಂದ ವಾಲಲು ಹೋದರು, ಪಕ್ಕದ ಪಟ್ಟಿ ಅವರನ್ನು ಹಿಡಿಯಿತು. ಮೇಸ್ತ್ರಿ ದೂರದಿಂದಲೇ, "ಕೈ ಹಾಕಿ ನೋಡಿ," ಎಂದರು ನನಗೆ. ಇದು ಅವರ ಕೊನೆಯ ಪರೀಕ್ಷೆ: ಸೊಂಟಕ್ಕೂ ಪಟ್ಟಿಗೂ ನಡುವೆ ಚಪ್ಪಟೆ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು. ನಾನು ಮಂಡಿಯೂರಿ ಬಲಗಡೆ ಕೈ ತೂರಿಸಿದೆ. ಅಂಗೈ ಹೋಯಿತು. ಬೆರಳು ಮಡಿಸಲು ಆಗಲಿಲ್ಲ. ಎಡಗಡೆಯೂ ಹಾಗೇ.

ಟೀಚರು ಎರಡೂ ಗಾಲಿಗೆ ಕೈ ಕೊಟ್ಟು, ತಾವೇ ತಳ್ಳಿಕೊಂಡು, ಕಿಟಕಿಯ ಹತ್ತಿರ ಹೋದರು. ಮಿಷನ್ನಿನ ಮೇಲೆ ಆರು ವಾರದ ಧೂಳು. ಸೆರಗಿನಿಂದ ಒರೆಸಿದರು. ನೆಟ್ಟಗೆ ಕೂತಲ್ಲಿಂದಲೇ ಕೈ ಚಾಚಿ ಚಕ್ರವನ್ನು ಒಂದು ಸುತ್ತು ತಿರುಗಿಸಿದರು. ಆಮೇಲೆ ಹಿಂದಕ್ಕೆ ನೋಡದೆ ಸೊಸೆಗೆ ಹೇಳಿದರು:

"ಹುಡುಗೀರಿಗೆ ಫೋನು ಮಾಡು. ನಾಳೆಯಿಂದ ಬರ್ಲಿ."